ದೋಣಿ ಅಮ್ಮನವರು ಇಟ್ಟ ಆರು ಗೆರಟೆ

ಶಂಖಕೋಡಿ ಬಂದರಿನ ಅಳಿವೆಯಲ್ಲಿ, ಹೊಳೆ ಕಡಲನ್ನು ಸೇರುವ ಜಾಗದಲ್ಲಿ, ಒಂದು ಕಾಲಕ್ಕೆ ಹಳೆಯ ದೋಣಿಯೊಂದು ಬೋರಲು ಬಿದ್ದಿತ್ತು. ಹಲಗೆ ಸೀಳಿ, ಇನ್ನು ನೀರಿಗೆ ಬಾರದೆಂದು ಯಾರೋ ಬಿಟ್ಟುಹೋದ ದೋಣಿ. ಅದರ ಹೊಟ್ಟೆಯೊಳಗೆ ಪೂಜ್ಯ ದೋಣಿ ಅಮ್ಮನವರು ವಾಸವಾಗಿದ್ದರು. ಅವರ ಪೂರ್ವದ ಹೆಸರೇನು, ಊರು ಯಾವುದು ಎಂಬುದು ಯಾರಿಗೂ ತಿಳಿಯದು. ಕೇಳಿದವರಿಗೆ ನಕ್ಕು, ಒಲೆಗೆ ತೆಂಗಿನ ಗರಿಯ ಇನ್ನೊಂದು ಒಣ ಕೊತ್ತಳಿಗೆ ತುರುಕುತ್ತಿದ್ದರು. ಮಠವಿಲ್ಲ, ಶಿಷ್ಯರಿಲ್ಲ, ಮೈಮೇಲೆ ಎರಡನೆಯ ಸೀರೆಯಿಲ್ಲ. ಒಂದು ಮಣ್ಣಿನ ಗಡಿಗೆ, ದೋಣಿಯ ಹಲಗೆಗೆ ಒರಗಿಸಿಟ್ಟ ಒಂದು ರಾಶಿ ತೆಂಗಿನ ಗೆರಟೆ, ಇಷ್ಟೇ ಅವರ ಸಂಸಾರ.

ಬಂದವರಿಗೆಲ್ಲ ಅಮ್ಮನವರು ಗೆರಟೆಯಲ್ಲಿ ಗಂಜಿ ಬಡಿಸುತ್ತಿದ್ದರು. ಜಾತಿ ಕೇಳುತ್ತಿರಲಿಲ್ಲ, ಬಂದ ಕಾರಣ ಕೇಳುತ್ತಿರಲಿಲ್ಲ. ಕೇಳುತ್ತಿದ್ದುದು ಒಂದೇ ಮಾತು: “ಎಷ್ಟ್ ಜನ?” ಅಷ್ಟು ಗೆರಟೆ ಇಡುತ್ತಿದ್ದರು. ಒಮ್ಮೆ ಮಕ್ಕಳಿಲ್ಲದೆ ಕೊರಗಿ ಸೊರಗಿದ ಹೆಂಗಸೊಬ್ಬಳು ಬಂದು “ನಾನೊಬ್ಳೇ” ಎಂದಳು. ಅಮ್ಮನವರು ಎರಡು ಗೆರಟೆ ಇಟ್ಟರು. ಅಮ್ಮನಿಗೆ ವಯಸ್ಸಾಯಿತು, ಲೆಕ್ಕ ತಪ್ಪುತ್ತದೆ ಎಂದು ಕಟ್ಟೆಯ ಮೇಲೆ ಕುಳಿತಿದ್ದವರು ಕಿಸಕ್ಕನೆ ನಕ್ಕರು. ಆ ವರ್ಷವೇ ಅವಳ ಮನೆಯಲ್ಲಿ ತೊಟ್ಟಿಲು ಕಟ್ಟಿದಾಗ ನಕ್ಕವರೇ ಮೊದಲು ಕಾಲಿಗೆ ಬಿದ್ದರು. ನಮ್ಮ ಬಂದರಿನವರಿಗೆ ನಗುವುದಕ್ಕೂ ಕಾಲಿಗೆ ಬೀಳುವುದಕ್ಕೂ ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ಶಂಖಕೋಡಿಯೆಂದರೆ ಆಗ ಹೆಸರುವಾಸಿ ಬಂದರು. ಅಕ್ಕಿ, ಮೆಣಸು, ಹೆಂಚು ಹೇರಿಕೊಂಡ ಹಾಯಿಯ ಮಚವೆಗಳು ಇಲ್ಲಿಂದ ಮಸ್ಕತ್ತು, ಬಸ್ರಾದವರೆಗೆ ಹೋಗಿ ಖರ್ಜೂರ ತುಂಬಿಕೊಂಡು ಬರುತ್ತಿದ್ದವು. ಅಜ್ಜಂದಿರ ಅಜ್ಜಂದಿರ ಕಾಲದಿಂದಲೂ ಇಲ್ಲಿ ಒಂದು ಕಟ್ಟುಕಟ್ಟಳೆ ಇತ್ತು. ಮಚವೆ ಹೊರಡುವ ದಿನ ಪ್ರತಿಯೊಬ್ಬ ನಾವಿಕನೂ ತಾನುಂಡ ಕಂಚಿನ ಬಟ್ಟಲನ್ನು ತೊಳೆದು, ದೇವರ ದೀಪದ ಮುಂದೆ ಬೋರಲು ಹಾಕಿ ಹೋಗಬೇಕು. ಅವನು ಬರುವ ತನಕ ಅದನ್ನು ಯಾರೂ ಮುಟ್ಟುವಂತಿಲ್ಲ. ಮಚವೆ ಮರಳಿದಾಗ ಅದನ್ನು ನಡೆಸುವ ಟಂಡೇಲ ಎಲ್ಲರಿಗಿಂತ ಕೊನೆಯಲ್ಲಿ ಇಳಿಯಬೇಕು. ಪ್ರತಿ ನಾವಿಕನ ಮನೆಯ ಹೊಸ್ತಿಲಲ್ಲಿ ನಿಂತು, ಅವನ ಹೆಸರು ಹೇಳಿ, “ಇಳಿದ” ಎನ್ನಬೇಕು. ಆಗ ಮನೆಯ ಹೆಂಗಸು ಬಟ್ಟಲನ್ನು ಎತ್ತಿ ಮೊಗ ಮೇಲೆ ಮಾಡುವಳು. ಎಲ್ಲರ ಬಟ್ಟಲೂ ಎದ್ದ ಮೇಲೆಯೇ ಟಂಡೇಲನ ಬಟ್ಟಲು ಏಳುವುದು.

ಕೊಗ್ಗ ಮರಕಾಲ ಇಂಥ ಒಬ್ಬ ಟಂಡೇಲ. ಗಟ್ಟಿಗ, ಮಿತಭಾಷಿ, ಕಡಲಿನ ಮರ್ಜಿ ಬಲ್ಲವನು. ಒಂದು ವರ್ಷ ಬಸ್ರಾದಿಂದ ಹಿಂದಿರುಗುವಾಗ ಅವನ ಮಚವೆ ಬಿರುಗಾಳಿಗೆ ಸಿಕ್ಕಿತು. ಮೊದಲು ಮುರಿದದ್ದು ಹಾಯಿಮರ. ಅದು ಬಿದ್ದ ರಭಸಕ್ಕೆ ಕೊನೆಗೆ ಇಳಿಯಬೇಕಾದ ಟಂಡೇಲನೇ ಎಲ್ಲರಿಗಿಂತ ಮೊದಲು ನೀರಿಗೆ ಬಿದ್ದ. ಮುರಿದ ಮರವನ್ನು ಅಪ್ಪಿಕೊಂಡು ತೇಲುತ್ತಿದ್ದ ಅವನ ಕಣ್ಣೆದುರಿಗೇ ಮಚವೆ ಬಾಯ್ಬಿಟ್ಟು ಮುಳುಗಿತು. ಹಿಂಬದಿಯನ್ನು ಹಿಡಿದುಕೊಂಡಿದ್ದ ಐವರು ನಾವಿಕರೂ ಅದರ ಜೊತೆಗೇ ಹೋದರು. ಅವರು ಕೂಗುವುದು ಅವನಿಗೆ ಕೇಳುತ್ತಿತ್ತು. ಆಮೇಲೆ ಕೇಳಲಿಲ್ಲ.

ಬೇರೊಂದು ಹಡಗಿನವರು ಅವನನ್ನು ಎತ್ತಿ ತಂದು ಶಂಖಕೋಡಿಗೆ ಬಿಟ್ಟರು. ಮಚವೆ ಮುಳುಗಿದ ಸುದ್ದಿ ಮೊದಲೇ ಮುಟ್ಟಿದ್ದರಿಂದ ಹಡಗು ನಿಲ್ಲುವ ದಕ್ಕೆಯ ಮೇಲೆ ಐದು ಮನೆಗಳ ಹೆಂಗಸರು ನಿಂತಿದ್ದರು. ಐವರಲ್ಲೊಬ್ಬನಾದ ಸೂರನ ಹೆಂಡತಿ ಗುಲಾಬಿ, ಅಪ್ಪ ಇನ್ನೂ ಮುಖ ಕಾಣದ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಎಲ್ಲರಿಗಿಂತ ಮುಂದೆ ನಿಂತಿದ್ದಳು. “ಟಂಡೇಲ್ರೇ, ಉಳ್ದವ್ರ್ ಎಲ್ಲಿ?” ಎಂದಳು. ಕೊಗ್ಗ ಆ ಕೂಸಿನ ಮುಖ ನೋಡಿದ. ಆಮೇಲೆ, “ಅವ್ರನ್ನ್ ಇನ್ನೊಂದ್ ಹಡಗ್ ಎತ್ಕಂಡ್ ಹೋಯ್ತ್. ಬಸ್ರಾ ಬದಿಗ್ ಹೋಪ ಹಡಗ್. ಬತ್ರ್” ಎಂದುಬಿಟ್ಟ. ಕರುಣೆಯಿಂದ ಹುಟ್ಟಿದ ಸುಳ್ಳು ಅದು. ಆದರೆ ಯಾವ ಹೊಟ್ಟೆಯಲ್ಲಿ ಹುಟ್ಟಿದರೂ ಸುಳ್ಳು ಸುಳ್ಳೇ. ಹೆಂಗಸರು ನಂಬಿದರು. ಟಂಡೇಲ ಹೇಳಿದ ಮೇಲೆ ಕೇಳುವುದೇನಿದೆ?

ಮೂರು ಮಳೆಗಾಲ ಕಳೆಯಿತು. ಐದು ಮನೆಗಳಲ್ಲಿ ಐದು ಬಟ್ಟಲು ಬೋರಲಾಗಿಯೇ ಇದ್ದವು. ಗುಲಾಬಿ ದಿನವೂ ತಲೆಗೆ ಹೂ ಮುಡಿದು, ಹಣೆಗೆ ಕುಂಕುಮವಿಟ್ಟು ಸಂಜೆ ದಕ್ಕೆಗೆ ಬರುತ್ತಿದ್ದಳು. ಸತ್ತವರಿಗೆ ಬೊಗಸೆ ನೀರು ಬಿಟ್ಟವರಿಲ್ಲ, ಪಿಂಡ ಇಟ್ಟವರಿಲ್ಲ. ಬದುಕಿದ್ದಾರೆಂದು ನಂಬಿದವರಿಗೆ ಯಾರು ಇಡುತ್ತಾರೆ? ಕೊಗ್ಗ ದಕ್ಕೆಯ ದಾರಿ ಬಿಟ್ಟು ಗದ್ದೆಯಂಚಿನಲ್ಲಿ ಸುತ್ತುಬಳಸಿ ಓಡಾಡತೊಡಗಿದ. ಮತ್ತೆ ಕಡಲಿಗೆ ಇಳಿಯಲಿಲ್ಲ. ರಾತ್ರಿ ಕಣ್ಣು ಮುಚ್ಚಿದರೆ ಐದು ಕಂಠಗಳು. ಮನೆಯಲ್ಲಿ ಹೆಂಡತಿ ಬಚ್ಚಿ ಅವನಿಗೆ ಬಾಳೆಲೆಯಲ್ಲಿ ಬಡಿಸುತ್ತಿದ್ದಳು. ಅವನ ಕಂಚಿನ ಬಟ್ಟಲು ಎಲ್ಲಿ ಎಂದು ಒಮ್ಮೆ ಕೇಳಿದ್ದಕ್ಕೆ, “ಸೀಳ್ ಬಿಟ್ಟಿತ್, ಸೋರತ್ತ್” ಎಂದಿದ್ದಳು. ಅವನು ಮತ್ತೆ ಕೇಳಲಿಲ್ಲ. ಊಟದ ಮೇಲೆ ಅವನಿಗೆ ಗಮನವೇ ಇರಲಿಲ್ಲ.

ಹೀಗಿರಲು ಹೆರಿಯನ ತಾಯಿ ಕುಪ್ಪಜ್ಜಿ ಹಾಸಿಗೆ ಹಿಡಿದಳು. ಐವರಲ್ಲಿ ಹೆರಿಯನೇ ಎಲ್ಲರಿಗಿಂತ ಕಿರಿಯವ, ಅಜ್ಜಿಗೆ ಒಬ್ಬನೇ ಮಗ. ಅವಳ ಮೈ ಸೋತು ಕಡ್ಡಿಯಾಗಿತ್ತು, ಗಂಟಲಲ್ಲಿ ಗೊರಗೊರ ಶುರುವಾಗಿತ್ತು, ಆದರೂ ಪ್ರಾಣ ಹೋಗಲೊಲ್ಲದು. ಬಾಯಿಗೆ ನೀರು ಬಿಟ್ಟರೆ ಹಲ್ಲು ಕಚ್ಚುತ್ತಿದ್ದಳು. “ಹೆರಿಯ ಬರ್ಲಿ. ಅವ ಬಂದ್ ನೀರ್ ಬಿಡ್ಲಿ” ಎಂಬುದೊಂದೇ ಮಾತು. ನೋಡಲಾರದೆ ನೆರೆಯವರು ಕೊಗ್ಗನ ಮನೆಗೆ ಬಂದರು. “ಟಂಡೇಲ್ರೇ, ನೀವ್ ಬಂದ್ ಒಂದ್ ಮಾತ್ ಹೇಳಿ. ಹೆರಿಯ ನಾಳೆ ಬತ್ತ ಅಂದ್ರೆ ಅಜ್ಜಿ ನೆಮ್ಮದ್ಯಂಗೆ ಕಣ್ ಮುಚ್ಚುತ್” ಎಂದರು.

ಬರುತ್ತೇನೆಂದು ಕೊಗ್ಗ ಹೇಳಿದ. ಆದರೆ ಕಾಲು ಅಜ್ಜಿಯ ಮನೆಯತ್ತ ಹೋಗಲಿಲ್ಲ. ಮತ್ತೊಮ್ಮೆ ಅದೇ ಸುಳ್ಳನ್ನು, ಅದೂ ಸಾಯುವ ತಾಯಿಯ ಕಿವಿಯಲ್ಲಿ ಹೇಳುವುದಕ್ಕಿಂತ ತಾನೇ ಆ ಕಡಲಿಗೆ ಹೋಗುವುದು ಲೇಸು ಎನಿಸಿತು. ಅಳಿವೆಯ ಕಡೆ ನಡೆದ. ಇಳಿತದ ಹೊತ್ತು, ನೀರು ಹಿಂದೆ ಸರಿದು ಮರಳು ಬಯಲಾಗಿತ್ತು. ಕಡಲಿಗೆ ಹೋಗುವ ದಾರಿ ದೋಣಿ ಅಮ್ಮನವರ ಒಲೆಯ ಮುಂದೆಯೇ ಹಾದುಹೋಗುತ್ತಿತ್ತು. ಈ ಮೂರು ವರ್ಷ ಅವನು ಅವರ ಕಣ್ಣಿಗೆ ಬಿದ್ದವನೇ ಅಲ್ಲ. ಅವರ ಕಣ್ಣೆಂದರೆ ಅವನಿಗೆ ಹೆದರಿಕೆ.

ಅಮ್ಮನವರು ಗಡಿಗೆಯಿಂದ ತಲೆಯೆತ್ತಿದರು. “ಎಷ್ಟ್ ಜನ?” ಎಂದು ಕೇಳಿದರು.

“ನಾನೊಬ್ಬನೇ, ಅಮ್ಮ. ಊಟ ಬ್ಯಾಡ” ಎಂದ ಕೊಗ್ಗ. ಏನಾದರೂ ಹೇಳಬೇಕಲ್ಲ ಎಂದು ಸೇರಿಸಿದ: “ಕುಪ್ಪಜ್ಜಿಗ್ ಒಂಚೂರ್ ತೀರ್ಥ ಕೊಡಿ. ಜೀವ ಸಲೀಸ್ ಹೋಪಂಗೆ.”

ಅಮ್ಮನವರು ಎದ್ದು ಗೆರಟೆಗಳನ್ನು ತಂದು ಮರಳಿನ ಮೇಲೆ ಸಾಲಾಗಿ ಇಟ್ಟರು. ಒಂದು, ಆಮೇಲೆ ಅದರ ಪಕ್ಕದಲ್ಲಿ ಐದು. ಆರಕ್ಕೂ ನಿಧಾನವಾಗಿ ಗಂಜಿ ಬಡಿಸಿದರು. ಕೊಗ್ಗನ ಬೆನ್ನ ಹಿಂದಿನ ಬಯಲು ಮರಳನ್ನು ನೋಡಿ, ಮನೆಗೆ ಬಂದವರನ್ನು ಉಪಚರಿಸುವ ದನಿಯಲ್ಲಿ, “ಕೂತ್ಕಣಿ ಮಕ್ಳೇ, ಎಷ್ಟೊತ್ತ್ ಅಂದ್ ನಿಂತ್ಕಂಡಿರ್ತ್ರಿ” ಎಂದರು.

ಕೊಗ್ಗನಿಗೆ ತಿರುಗಿ ನೋಡಲು ಧೈರ್ಯ ಬರಲಿಲ್ಲ. ಅಲ್ಲೇ ಕುಳಿತ. ಮೂರು ವರ್ಷ ಯಾರೆದುರೂ ಆಡದ್ದನ್ನೆಲ್ಲ ಆಡಿದ. ಹಾಯಿಮರ ಬಿದ್ದದ್ದು, ತಾನು ಮೊದಲು ನೀರಿಗೆ ಬಿದ್ದದ್ದು, ಅವರ ಕೂಗು, ದಕ್ಕೆಯಲ್ಲಿ ಹೇಳಿದ ಸುಳ್ಳು. ಕೊನೆಗೆ, “ನಾ ಯಾಕ್ ಬದ್ಕಿ ಬಂದೆ ಅಮ್ಮ?” ಎಂದ.

ಅಮ್ಮನವರು ಹೇಳಿದ್ದು ಎರಡೇ ಮಾತು. “ನೀ ಇನ್ನೂ ದಡ ಹತ್ಲಿಲ್ಲೆ ಮಗಾ. ಅವ್ರನ್ನ್ ಇಳ್ಸಿ ಬಾ.”

“ಸತ್ತವ್ರ ಹೆಸ್ರ್ ಹೊಸ್ತಿಲಲ್ಲ್ ಹೇಳೂ ಕ್ರಮ ಇಲ್ಲೆ ಅಮ್ಮ,” ಎಂದು ಅವನು ತೊದಲಿದ.

ಅಮ್ಮನವರು ಆರು ಗೆರಟೆಗಳ ಮೇಲೆ ಬಾಳೆಲೆ ಮುಚ್ಚಿ, ಅವನು ಮರಳುವುದನ್ನು ಕಾಯುವವರಂತೆ ಅವುಗಳ ಪಕ್ಕದಲ್ಲಿ ಕಣ್ಣು ಮುಚ್ಚಿ ಕುಳಿತರು.

ಕೊಗ್ಗ ಮೊದಲು ಹೋದದ್ದು ಕುಪ್ಪಜ್ಜಿಯ ಮನೆಗೆ. ಹೊಸ್ತಿಲಲ್ಲಿ ನಿಂತ. ನೆರೆಯವರು ದಾರಿ ಬಿಟ್ಟರು. ಅಜ್ಜಿಯ ಮಂಜುಗಣ್ಣು ಬಾಗಿಲತ್ತ ಹೊರಳಿತು. “ಕೊಗ್ಗನಾ? ಹೆರಿಯ ಎಲ್ಲಿಗ್ ಮುಟ್ಟಿದ?”

“ಹೆರಿಯ ಬಪ್ಪುದಿಲ್ಲೆ ಅಜ್ಜಿ. ಮಚವೆ ಮುಳ್ಗಿದ್ ದಿನವೇ ನೀರಿಗ್ ಹೋದ. ನಾನ್ ಸುಳ್ಳ್ ಹೇಳಿದ್ದೆ.”

ಒಬ್ಬ ಗಂಡಸು ಕೊಗ್ಗನ ಕೊರಳಪಟ್ಟಿಗೆ ಕೈ ಹಾಕಿದ. ಅಜ್ಜಿ ಬೆರಳೆತ್ತಿ ತಡೆದಳು. ಅವಳು ಕೇಳಿದ್ದು ಇಷ್ಟೇ: “ಆ ದಿನ ಅವ ಉಂಡಿದ್ನಾ?”

“ಉಂಡಿದ್ದ ಅಜ್ಜಿ. ಗಂಜಿ, ಒಣಮೀನಿನ ಚಟ್ನಿ. ಮತ್ತೊಂದ್ ಸಲ ಬಡ್ಸ್ಕಂಡ.” ಇದು ಸುಳ್ಳಲ್ಲ. ಆ ಬೆಳಿಗ್ಗೆ ಬಡಿಸಿದವನು ಕೊಗ್ಗನೇ.

“ಹಾಂಗಾರೆ ಸಾಕ್” ಎಂದಳು ಕುಪ್ಪಜ್ಜಿ. “ನೀನೇ ಹೇಳ್. ಕ್ರಮದಂಗೆ ಹೇಳ್.”

ಕೊಗ್ಗ ಎರಡೂ ಕೈ ಬಾಗಿಲವಾಡಕ್ಕೆ ಊರಿ, “ಹೆರಿಯ ಇಳಿದ” ಎಂದ. ಒಬ್ಬಾಕೆ ಅಳುತ್ತಲೇ ದೀಪದ ಮುಂದಿನ ಬಟ್ಟಲನ್ನು ಎತ್ತಿದಳು. ಮೂರು ವರ್ಷದ ಮೇಲೆ ಅದರಲ್ಲಿ ನೀರು ತುಂಬಿ ಅಜ್ಜಿಯ ತುಟಿಗೆ ಹಿಡಿದಳು. ಅಜ್ಜಿ ಈ ಸಲ ಹಲ್ಲು ಕಚ್ಚಲಿಲ್ಲ. ಎರಡು ಗುಟುಕು ಇಳಿಯಿತು, ಮೂರನೆಯದು ಕಟವಾಯಿಯಲ್ಲಿ ಹರಿದುಹೋಯಿತು.

ಉಳಿದ ಮನೆಗಳಲ್ಲಿ ಇಷ್ಟು ಶಾಂತಿ ಇರಲಿಲ್ಲ. ಮುತ್ತನ ಅಣ್ಣ ಕೆನ್ನೆಗೆ ಹೊಡೆದ. ಅಣ್ಣುವಿನ ಮನೆಯವರು ಮುಖದ ಮೇಲೆ ಬಾಗಿಲು ಹಾಕಿದರು. ಮುಚ್ಚಿದ ಬಾಗಿಲಿಗೇ ಕೊಗ್ಗ ಹೆಸರು ಹೇಳಿದ. ಒಳಗೆ ಕಂಚು ನೆಲಕ್ಕೆ ತಾಗಿದ ಸದ್ದು ಕೇಳುವ ತನಕ ಅಲ್ಲಿಂದ ಕದಲಲಿಲ್ಲ. ಮಾಧುವಿನ ಹೆಂಡತಿ ಕೇಳಿದ ಕೂಡಲೇ ಕುಸಿದು ಬಿದ್ದಳು. ಅವಳಿಗೆ ಎಚ್ಚರವಾದ ಮೇಲೆ ಮತ್ತೊಮ್ಮೆ ಹೇಳಬೇಕಾಯಿತು.

ಗುಲಾಬಿ ಹೂ ಮುಡಿದು ದಕ್ಕೆಗೆ ಹೊರಟು ನಿಂತಿದ್ದಳು. ಅವಳು ಅಳಲಿಲ್ಲ. “ಮೂರ್ ವರ್ಷ ಅವನ್ನ ನೀರಲ್ಲ್ ನಿಲ್ಸಿದ್ರಿ. ನನ್ನನ್ನ್ ದಡದಲ್ಲ್ ನಿಲ್ಸಿದ್ರಿ,” ಎಂದಳು. “ಸತ್ತ ಅಂತ ಆವತ್ತೇ ಹೇಳಿದ್ರೆ ಆವತ್ತೇ ಅತ್ಕಂತಿದ್ದೆ. ಈಗ ಯಾವ್ ದಿನದ್ದ್ ಅಂದ್ ಅಳೂದ್?” ಬಟ್ಟಲನ್ನು ಅವಳೇ ಎತ್ತಿದಳು, ಹೂವನ್ನು ಕಿತ್ತು ಅದರೊಳಗೆ ಹಾಕಿದಳು. ಅದಾದ ಮೇಲೆ ಆಕೆ ಬದುಕಿರುವ ತನಕ ಕೊಗ್ಗನ ಮುಖ ನೋಡಲಿಲ್ಲ. ನೋಡಬೇಕೆಂದು ಅವನೂ ಬಯಸಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಅವನು ತನ್ನ ಮನೆಯ ಅಂಗಳಕ್ಕೆ ಬಂದ. ಬಚ್ಚಿ ಬಾಗಿಲಲ್ಲಿದ್ದಳು. ಊರೆಲ್ಲ ಗೊಳೋ ಎನ್ನುತ್ತಿದ್ದುದು ಅವಳಿಗೆ ಕೇಳಿಸದೆ ಇರಲಿಲ್ಲ. ಒಳಗೆ ಹೋದಳು. ದೀಪದ ಮುಂದೆ, ಅವಳು ಕವುಚಿದ್ದ ಒಂದು ಹಳೆಯ ಬುಟ್ಟಿಯ ಅಡಿಯಲ್ಲಿ, ಅವನ ಕಂಚಿನ ಬಟ್ಟಲು ಬೋರಲಾಗಿತ್ತು. ಅವನೇ ಹೊರಡುವ ದಿನ ಇಟ್ಟು ಹೋದ ಹಾಗೆಯೇ ಇತ್ತು, ಸುತ್ತ ಹಸಿರು ಕಿಲುಬು ಕಟ್ಟಿತ್ತು. ಅವಳು ಅದನ್ನು ಎತ್ತಿ, ಹುಣಸೆಹಣ್ಣು ಹಾಕಿ ತಿಕ್ಕಿ, ತೊಳೆದು ಅವನ ಮುಂದಿಟ್ಟಳು. ಎಲ್ಲಿಯೂ ಸೀಳಿರಲಿಲ್ಲ.

“ನಿಂಗ್ ಗೊತ್ತಿತ್ತಾ?” ಎಂದ ಕೊಗ್ಗ.

“ಐದ್ ಬಟ್ಲ್ ಎದ್ದಿರ್ಲಿಲ್ಲೆ. ನಿಮ್ದನ್ನ್ ನಾನ್ ಹ್ಯಾಂಗ್ ಎತ್ತುದ್?” ಎಂದಳು ಬಚ್ಚಿ. ಆಮೇಲೆ, ಮೂರು ವರ್ಷ ಹೇಳದೆ ಉಳಿಸಿಕೊಂಡಿದ್ದ ಮಾತನ್ನು ಕೇಳಿದಳು: “ಬಂದ್ರ್ಯಾ?”

ಮರುದಿನ ಕುಪ್ಪಜ್ಜಿಯನ್ನು ಮಣ್ಣು ಮಾಡಿ, ಐವರ ಹೆಸರಿನಲ್ಲಿ ಕಡಲಿಗೆ ನೀರು ಬಿಟ್ಟು, ಕೊಗ್ಗ ಅಳಿವೆಗೆ ಬಂದ. ಐದು ಗೆರಟೆಗಳನ್ನು ರಾತ್ರಿಯ ಉಬ್ಬರ ಕೊಂಡುಹೋಗಿತ್ತು. ಆರನೆಯದು ಒಲೆಯ ಬದಿಯಲ್ಲಿ ತೊಳೆದು ಒಣಗಲು ಇಟ್ಟಿತ್ತು. ಊರಿನ ಬಾಗಿಲು ಅವನಿಗೆ ಇನ್ನೂ ಮುಚ್ಚಿಯೇ ಇತ್ತು, ಮುಂದೆಯೂ ಪೂರ್ತಿ ತೆರೆಯಲಿಲ್ಲ. ದುಃಖವನ್ನು ಕಳೆಯುತ್ತೇನೆಂದು ಪೂಜ್ಯ ಅಮ್ಮನವರು ಅವನಿಗೆ ಎಂದೂ ಹೇಳಿರಲಿಲ್ಲ. ಆದರೂ ಆ ದಿನದಿಂದ ಬದುಕಿನ ಕೊನೆಯವರೆಗೆ ಅವರ ಒಲೆಗೆ ಕೊತ್ತಳಿಗೆ ಹೊತ್ತು ತಂದವನು, ಯಾರದಾದರೂ ಮಚವೆ ಬಾರದೆ ಹೋದಾಗ ಆ ಮನೆಯ ಹೊಸ್ತಿಲಿಗೆ ನಿಜ ಹೇಳಲು ಮೊದಲು ಹೋದವನು ಅವನೇ.

ಆ ಬೆಳಿಗ್ಗೆ ಅಮ್ಮನವರು ಗಡಿಗೆಯಿಂದ ತಲೆಯೆತ್ತಿ, ಎಲ್ಲರನ್ನೂ ಕೇಳುವ ಹಾಗೆ, “ಎಷ್ಟ್ ಜನ?” ಎಂದರು.

ಕೊಗ್ಗ ತಿರುಗಿ ನೋಡಿದ. ಬೆನ್ನ ಹಿಂದೆ ಮರಳು ಖಾಲಿಯಿತ್ತು, ಅವನ ಹೆಜ್ಜೆಗಳು ಮಾತ್ರ ಇದ್ದವು.

“ಒಬ್ಬನೇ, ಅಮ್ಮ,” ಎಂದು, ಮಚವೆ ಮುಳುಗಿದ ಮೇಲೆ ಮೊದಲ ಬಾರಿಗೆ, ಗಟ್ಟಿಯಾಗಿ ಅತ್ತ. ಅಮ್ಮನವರು ಒಂದೇ ಗೆರಟೆ ಇಟ್ಟರು.