ಕೇರೆ ಹಾವು ಕಲಿತ ಸಮ್ಮೋಹನ

"ಬೇಟೆ ಸಿಕ್ತಾ ಅಂತ ಮಾತ್ರ ಕೇಳ್ಬೇಡ ಮಾರಾಯ್ತಿ!" ಹುತ್ತಕ್ಕೆ ಬಂದ ಮುದಿ ಕೇರೆ ಹಾವು ಹೆಂಡತಿ ಹತ್ರ ಗೊಣಗಿತು. ಸೊಂಟ ಬಿದ್ದು ಓಡೋಕಾಗದೆ, ಪಾಪ, ಅದು ನಾಗರಹಾವಿನ ಹತ್ರ ಸಮ್ಮೋಹನ ಕಲಿತಿತ್ತು. "ಅಲ್ಲಾಡದೆ ದಿಟ್ಟಿಸು, ಕಪ್ಪೆ ತಾನಾಗೇ ಬರ್ತದೆ" ಅಂದಿದ್ದರು ಗುರುಗಳು. ಬೆಳಗಿಂದ ಕೆರೆ ದಂಡೇಲಿ ಒಂದು ಕಪ್ಪೆಯನ್ನ ದಿಟ್ಟಿಸ್ತು. ಕಪ್ಪೆ ಬಂತು ನಿಜ, ಇದರ ತಲೆ ಮೇಲೇ ಹತ್ತಿ ಕೂತು ನೊಣ ಹಿಡಿಯೋಕೆ ಶುರುಮಾಡ್ತು. ಗುರುಗಳ ಮಾತು ಮೀರಬಾರದಲ್ಲ, ಹಾವು ಮಿಸುಕಲಿಲ್ಲ. ಸಂಜೆ ಹಸಿವು ತಾಳದೆ ನಾಲಿಗೆ ಚಾಚಿದ್ದೇ ತಡ, ಕಪ್ಪೆ ನೀರಿಗೆ ಹಾರಿತು. "ಅಯ್ಯೋ ಅಜ್ಜಾ, ನೀನಾ! ಅಲ್ಲಾಡದೇ ಇರೋದು ನಮ್ಮ ಕಣ್ಣಿಗೆ ಕಾಣೋದೇ ಇಲ್ಲ."

ಹೆಂಡತಿ ನಿಟ್ಟುಸಿರು ಬಿಟ್ಟಳು. "ಇವತ್ತೂ ಉಪವಾಸಾನೇ ಅನ್ನಿ. ಕಣ್ ಬಿಟ್ಕೊಂಡು ಸುಮ್ನೆ ಕೂರೋದಕ್ಕೆ ಗುರುಗಳ್ಯಾಕ್ರೀ ಬೇಕಿತ್ತು? ಇಷ್ಟು ದಿನ ಮನೇಲಿ ಅದನ್ನೇ ತಾನೇ ಮಾಡ್ತಿದ್ರಿ?"