ಚೆಲುವಾಜಮ್ಮ ಕೊಂಡ ಗರಡಿಮನೆ

ಒಂದಾನೊಂದು ಕಾಲದಲ್ಲಿ, ಅಂದರೆ ನನ್ನ ಮೀಸೆ ಇನ್ನೂ ಎಳೇದಾಗಿ ಬರೀ ಮಂಡಿವರೆಗೆ ಇಳಿಬಿದ್ದಿದ್ದ ಕಾಲದಲ್ಲಿ, ಹಳೇ ಪೇಟೆಯ ಒಂದು ಗಲ್ಲಿಯಲ್ಲಿ ಒಂದು ಗರಡಿಮನೆ ಇತ್ತಂತೆ. ನಗಬೇಡ ಮರಿ. ಅಜ್ಜಿ ಕತೆ ಅಜ್ಜೀನೇ ಹೇಳಬೇಕು ಅಂತ ಎಲ್ಲೂ ಇಲ್ಲ. ಅಜ್ಜಿಗೆ ಇವತ್ತು ಗಂಟಲು ಕಟ್ಟಿದೆ, ಮಾವನ ಬಾಯಲ್ಲಿ ಕೇಳು. ನಾನು ಕತೆ ಹೇಳಿದರೆ ಗೋಡೆ ಮೇಲಿನ ಹಲ್ಲಿಗಳೂ ಹೂಂ ಹೂಂ ಅನ್ನುತ್ತವೆ.

ಗರಡಿಮನೆ ಅಂದರೆ ಕುಸ್ತಿ ಕಲಿಯೋ ಮನೆ. ನಡುವೆ ಕೆಮ್ಮಣ್ಣು ತುಂಬಿದ ಹಳ್ಳ, ಅದಕ್ಕೆ ಮಟ್ಟಿ ಅಂತಾರೆ. ಆ ಗರಡಿಯಲ್ಲಿ ಕುಸ್ತಿ ಕಲಿಸೋ ಉಸ್ತಾದ ಒಬ್ಬ ಇದ್ದನಂತೆ, ಅವನಿಗೆ ಒಬ್ಬಳೇ ಮಗಳು, ಚೆಲುವಾಜಮ್ಮ. ದಿನಾ ಬೆಳಗ್ಗೆ ಹಾಲಿನ ಚೆಂಬು ತಂದು ಹೊಸ್ತಿಲ ಆಚೆಯಿಂದಲೇ ಕೈ ಚಾಚಿ ಕೊಟ್ಟು ಹೋಗ್ತಿದ್ದಳಂತೆ, ಯಾಕೆಂದರೆ ಗರಡಿಯೊಳಗೆ ಹೆಂಗಸರು ಕಾಲಿಡಬಾರದು. ಯಾಕೆ ಅಂತ ಕೇಳ್ತೀಯಾ? ಆ ಪದ್ಧತಿ ಮಾಡಿದವನನ್ನೇ ಕೇಳೋಣ ಅಂತ ನಾನು ಮೂರು ಊರು ಹುಡುಕಿದೆ, ಅಷ್ಟರಲ್ಲಿ ಅವನು ಸತ್ತು ಹೋಗಿದ್ದ.

ಆಮೇಲೆ ಉಸ್ತಾದನೂ ತೀರಿಕೊಂಡನಂತೆ, ಹುಡುಗರು ಚೆದುರಿ ಹೋದರಂತೆ, ಗರಡಿ ಒಬ್ಬ ಸಾಹುಕಾರನ ಕೈಸೇರಿ ಬಾಗಿಲು ಮುಚ್ಚಿತಂತೆ. ಹೆಂಚು ಉದುರಿತು, ಬಾಗಿಲು ಗೆದ್ದಲು ತಿಂತು, ಗೋಡೆ ಬಿರುಕಲ್ಲಿ ಅರಳಿ ಗಿಡ ಎದ್ದಿತು. ಇದನ್ನ ಕೆಡವಿ ಈರುಳ್ಳಿ ಮಂಡಿ ಕಟ್ಟಿಸ್ತೀನಿ ಅಂದನಂತೆ ಸಾಹುಕಾರ. ಅದು ಕಿವಿಗೆ ಬಿದ್ದದ್ದೇ ತಡ, ಚೆಲುವಾಜಮ್ಮ ತನ್ನ ಜೀವನಕ್ಕೆ ಆಧಾರವಾಗಿದ್ದ ಮೂರು ಎಮ್ಮೆಗಳನ್ನೂ ಹೊಡಕೊಂಡು ಹೋಗಿ ಅವನ ಮನೆ ಮುಂದೆ ಕಟ್ಟಿ, ಇವು ನಿನಗೆ, ಗರಡಿ ನನಗೆ ಅಂದಳಂತೆ. ಹಾಲು ಕರೆಯೋ ಎಮ್ಮೆ ಕೊಟ್ಟು ಇಲಿಬಿಲ ಕೊಂಡ್ಕೊಂಡಳಲ್ಲಪ್ಪಾ ಅಂತ ಗಲ್ಲಿಗೆ ಗಲ್ಲಿಯೇ ನಕ್ಕಿತಂತೆ. ಅವಳು ಮಾತ್ರ, ನಮ್ಮಪ್ಪ ಬದುಕೆಲ್ಲಾ ಅಲ್ಲೇ ಕಳೆದ, ಒಳಗೆ ಏನಿತ್ತು ಅಂತ ನಾನು ಒಂದಿನಾನೂ ನೋಡಿಲ್ಲ, ನೋಡೋಕೆ ಮುಂಚೆ ಬಿದ್ದು ಹೋಗಬಾರದು ಅಷ್ಟೇ ಅಂದಳಂತೆ.

ಆಮೇಲೆ ಉಸ್ತಾದನ ಹಳೇ ಶಿಷ್ಯರು ಮೂವರು ಗರಡಿ ಮತ್ತೆ ಕಟ್ಟೋಣ ಅಂತ ಕೋಲೂರಿಕೊಂಡು ಬಂದರಂತೆ, ಉಗ್ರಯ್ಯ, ತಮ್ಮಣ್ಣ, ಮುನಿಸ್ವಾಮಿ. ಮೂವರಿಗೂ ಸೇರಿ ಹಲ್ಲು ಒಂದು ಬಾಯಿಗಾಗುವಷ್ಟೂ ಇರಲಿಲ್ಲ, ಹುರುಪು ಮಾತ್ರ ಹೇರಳ. ಚೆಲುವಾಜಮ್ಮ ಆಗಲೇ ಒಳಗೆ ಕೂತು ಕಸ ಬಾಚ್ತಾ ಇದ್ದಳು. ಉಗ್ರಯ್ಯ ನೋಡಿ, ಪರವಾಗಿಲ್ಲ ಕಣವ್ವ, ಒಳಗೇ ಇರು, ಸೂರಿಲ್ಲ, ಬಾಗಿಲಿಲ್ಲ, ಮಟ್ಟಿ ಸತ್ತಿದೆ, ಇದು ಗರಡಿಯಲ್ಲ ಹಾಳುಗೋಡೆ, ಇದಕ್ಕೆ ಪದ್ಧತಿ ಎಲ್ಲಿಂದ ಬಂತು ಅಂದನಂತೆ.

ಸರಿ, ಮೊದಲು ಗೋಡೆ. ಹಳೇ ಕಾಲದ ಗಾರೆ, ಸುಣ್ಣಕ್ಕೆ ಬೆಲ್ಲದ ನೀರು ಹಾಕಿ ಅರೆದದ್ದು. ಮುನಿಸ್ವಾಮಿಗೆ ಬೆಲ್ಲ ಅಂದರೆ ಪ್ರಾಣ, ಜಾಸ್ತಿ ಹಾಕಿದರೆ ಜಾಸ್ತಿ ಗಟ್ಟಿ ಅಂತ ಕೊಪ್ಪರಿಗೆಗಟ್ಟಲೆ ಸುರಿದನಂತೆ. ಬೆಳಗ್ಗೆ ಎದ್ದು ನೋಡಿದರೆ ಊರಿನ ಇರುವೆಯೆಲ್ಲಾ ಸೇರಿ ಇಡೀ ಗೋಡೆಯನ್ನ ಹೊತ್ತುಕೊಂಡು ಮೂಲೆ ತಿರುಗ್ತಾ ಇವೆ! ನಾನು ಅಡ್ಡ ನಿಂತು ತಡೆಯದಿದ್ದರೆ ಆ ಗೋಡೆ ಇವತ್ತು ಪಕ್ಕದ ಊರಲ್ಲಿ ಇರ್ತಿತ್ತು. ಅಂತೂ ಮತ್ತೆ ಅರೆದು ಹದವಾಗಿ ಗೋಡೆ ಎಬ್ಬಿಸಿದರಂತೆ. ಗೋಡೆ ನಿಂತ ದಿನ ತಮ್ಮಣ್ಣ ತಲೆ ಕೆರೆದುಕೊಂಡು, ಇನ್ನು ಮಟ್ಟಿ ಹತ್ತಿರ ಬರಬೇಡ ಕಣವ್ವ, ಬಾಗಿಲ ಕಡೆ ಇರು ಅಂದನಂತೆ. ಚೆಲುವಾಜಮ್ಮ ಎದ್ದು ಬಾಗಿಲ ಕಡೆ ಬಂದಳಂತೆ.

ಆಮೇಲೆ ಸೂರು. ತೊಲೆ ಏರಿಸಿದ್ದು ನಾನೇ, ಒಂದೇ ಕೈಯಲ್ಲಿ, ಇನ್ನೊಂದು ಕೈಯಲ್ಲಿ ಕಡಲೇಪುರಿ ಇತ್ತು. ನಾಡಹೆಂಚು ಹೊದಿಸಿ, ಹೊಸ ಬಾಗಿಲು ಕೂರಿಸಿ ಆಯ್ತು. ಮುನಿಸ್ವಾಮಿ ಕೆಮ್ಮಿ, ಇನ್ನು ಹೊಸ್ತಿಲ ಮೇಲೆ ನಿಂತ್ಕೊಳವ್ವ ಸಾಕು ಅಂದನಂತೆ. ಅವಳು ಹೊಸ್ತಿಲಿಗೆ ಬಂದಳಂತೆ.

ನೋಡಿದೆಯಾ ಮರಿ, ಕಟ್ಟಿದಷ್ಟೂ ಅವಳು ಆಚೆಗೆ ಬರ್ತಾ ಇದ್ದಳು.

ಉಳಿದದ್ದು ಮಟ್ಟಿ ಒಂದೇ. ಆ ದಿನ ಗಂಡಸರೆಲ್ಲಾ ಕೆಮ್ಮಣ್ಣು ತರೋಕೆ ಕೆರೆ ಕಡೆ ಹೋಗಿದ್ದಾಗ ಹೂ ಮಾರೋ ಪುಟ್ಟತಾಯಿ ಬಂದು ಅವಳ ಪಕ್ಕ ಕೂತು, ಅಯ್ಯೋ ಪೆದ್ದೇ, ಆ ಹಳ್ಳ ತುಂಬಿಸಬೇಡ ಕಣೆ ಅಂದಳಂತೆ. ಮಟ್ಟಿ ಇಲ್ಲದಿದ್ದರೆ ಅದು ಬರೀ ಮನೆ, ನಿನ್ನ ಮನೆಯೊಳಗೆ ನೀನು ಹೋದರೆ ಯಾರು ಕೇಳ್ತಾರೆ? ತುಂಬಿಸಿದೆಯೋ, ಎಮ್ಮೆಯೂ ಹೋಯ್ತು, ಮನೆಯೂ ಹೋಯ್ತು ಅಂತ ಬುದ್ಧಿ ಹೇಳಿದಳಂತೆ.

ಮಾತು ನಿಜವೇ. ಚೆಲುವಾಜಮ್ಮ ಒಳಗೆ ಹೋಗಿ ಆ ಬರಿದಾದ ಹಳ್ಳದ ಅಂಚಲ್ಲಿ ಕೂತು ಬಹಳ ಹೊತ್ತು ಯೋಚನೆ ಮಾಡಿದಳಂತೆ. ಬಿದ್ದ ಗರಡಿಯನ್ನ ಮೂಲೆಮೂಲೆಯೂ ನೋಡಿದ್ದಳು, ಬದುಕಿರೋ ಗರಡಿಯನ್ನ ನೋಡಿರಲಿಲ್ಲ. ಕೊನೆಗೆ ಎದ್ದು ಬಂದು, ಇರೋಕೆ ಮನೆ ಆಗಲೇ ಒಂದಿದೆಯಲ್ಲೇ ಪುಟ್ಟಿ, ನಾನು ಕೊಂಡದ್ದು ಗರಡಿ ಅಂದಳಂತೆ.

ಆಮೇಲೆ ಮಣ್ಣು ಬಂತಂತೆ. ಜರಡಿ ಹಿಡಿದು, ಮಜ್ಜಿಗೆ, ಎಳ್ಳೆಣ್ಣೆ, ಅರಿಶಿನ ಬೆರೆಸಿ ಹದ ಮಾಡಿದರಂತೆ. ಘಮ ಬೀದಿಗೆಲ್ಲಾ ಹರಡಿತಂತೆ. ಯಾರೂ ಹೇಳದೆ ಚೆಲುವಾಜಮ್ಮ ತಾನೇ ಹೊಸ್ತಿಲು ಇಳಿದು ಬೀದಿಯಲ್ಲಿ ನಿಂತಳಂತೆ. ಮೂವರು ಮುದುಕರೂ ಅವಳ ಮುಖ ನೋಡಲಾರದೆ ಬಾಗಿಲು ಮುಂದೆ ಮಾಡಿಕೊಂಡರಂತೆ.

ಒಳಗೆ ಗಲ್ಲಿಯ ಹೊಸ ಹುಡುಗರೆಲ್ಲಾ ಲಂಗೋಟಿ ಬಿಗಿದು ಸಾಲಾಗಿ ನಿಂತಿದ್ದಾರೆ. ದೀಪ ಹಚ್ಚಿದರು, ಕಾಯಿ ಒಡೆದರು. ಉಗ್ರಯ್ಯ ಮಟ್ಟಿಗೆ ಇಳಿಯೋಕೆ ಅಂತ ಬಲಗಾಲು ಎತ್ತಿದ, ಎತ್ತಿದವನು ಹಾಗೇ ನಿಂತುಬಿಟ್ಟನಂತೆ. ಯಾಕೋ ಉಗ್ರಣ್ಣ, ಕಾಲು ಹಿಡಕೊಂಡ್ತಾ ಅಂತ ತಮ್ಮಣ್ಣ. ಅಪ್ಪಣೆ ಯಾರು ಕೊಡ್ತಾರೋ ಅಂತ ಉಗ್ರಯ್ಯ. ಗರಡಿಯ ದೊಡ್ಡ ಪದ್ಧತಿ ಅದು ಮರಿ, ಗರಡಿ ಯಾರದೋ ಅವರು ಎದುರಿಗೆ ನಿಂತು, ಇಳೀರಿ ಅನ್ನದೆ ಯಾರೂ ಮಟ್ಟಿ ತುಳಿಯೋ ಹಾಗಿಲ್ಲ.

ಮುನಿಸ್ವಾಮಿ ಬಾಗಿಲ ಸಂದಿಯಲ್ಲಿ ತಲೆ ತೂರಿಸಿ, ಅವ್ವಾ, ಅಲ್ಲಿಂದಲೇ ಒಂದು ಸಲ ಇಳೀರಿ ಅಂದುಬಿಡು ಅಂದನಂತೆ.

ಚೆಲುವಾಜಮ್ಮ, ಯಾರು ಇಳೀತಾರೆ, ಮಣ್ಣು ಹೇಗಿದೆ, ಏನೂ ಕಾಣದೆ ಹ್ಯಾಗೆ ಹೇಳಲಿ ಮುನಿಯಣ್ಣ? ನಮ್ಮಪ್ಪ ಬೀದೀಲಿ ನಿಂತು ಹೇಳ್ತಿದ್ನಾ ಅಂದಳಂತೆ. ಜಗಳದ ಮಾತಲ್ಲ, ನಿಜವಾಗಲೂ ಕೇಳಿದಳು.

ಮೂವರೂ ಪೇಚಿಗೆ ಬಿದ್ದರಂತೆ. ಹೆಂಗಸು ಒಳಗೆ ಬರಬಾರದು ಅನ್ನೋದೂ ಪದ್ಧತಿ, ಅಪ್ಪಣೆ ಇಲ್ಲದೆ ಇಳಿಯಬಾರದು ಅನ್ನೋದೂ ಪದ್ಧತಿ. ಕೊನೆಗೆ ಉಗ್ರಯ್ಯನೇ, ಅಪ್ಪಣೆ ಮೀರಿದರೆ ಉಸ್ತಾದ ಕಿವಿ ಹಿಂಡ್ತಿದ್ದ, ಮಗಳನ್ನ ಕರೆದರೆ ಹಿಂಡ್ತಿದ್ನೋ ಇಲ್ಲವೋ ಗೊತ್ತಿಲ್ಲ, ಗೊತ್ತಿಲ್ಲದ್ದನ್ನೇ ಮಾಡೋಣ ಅಂದವನು, ಬಾಗಿಲಿನ ಎರಡೂ ಕದಗಳನ್ನ ಹಾರು ಹೊಡೆದು, ಬಾರವ್ವ ಒಳಕ್ಕೆ ಅಂದನಂತೆ.

ಚೆಲುವಾಜಮ್ಮ ತಲೆ ಬಗ್ಗಿಸಿ ಒಳಗೆ ಬಂದಳಂತೆ. ಹುಡುಗರೆಲ್ಲಾ ಇಳಿಯೋಕೆ ಅಂತ ಒಂದು ಕಾಲು ಎತ್ತಿಕೊಂಡು ಕಾಯ್ತಾ ಇದ್ದಾರೆ. ಅವಳಿಗೆ ಅವಸರವೇ ಇಲ್ಲ. ಕೆಂಪು ಮಣ್ಣು ನೋಡಿದಳು, ದೀಪ ನೋಡಿದಳು, ಗೂಡಿನ ಹನುಮಪ್ಪನನ್ನ ನೋಡಿದಳು, ಒಬ್ಬೊಬ್ಬ ಹುಡುಗನ ಮುಖವನ್ನೂ ನೋಡಿದಳು. ಅಷ್ಟು ಹೊತ್ತೂ ಎಲ್ಲರೂ ಕೊಕ್ಕರೆ ಹಾಗೆ ಒಂಟಿಕಾಲಲ್ಲೇ ನಿಂತಿದ್ದರಂತೆ. ಕಣ್ತುಂಬ ನೋಡಿ ಮುಗಿಸಿದ ಮೇಲೆ, ಮೆತ್ತಗೆ, ಇಳೀರಿ ಅಂದಳಂತೆ.

ಅವರು ಇಳಿದರು, ಕತೆಯೂ ಮುಗೀತು, ನೀನೂ ನಿದ್ದೆಗೆ ಇಳಿ ಮರಿ.