ನಳಿಗೆಯ ಮೇಲೆ ಗೀಚಿದ ಗೆರೆ

“ಗುರುಗಳೇ, ತಪ್ಪು ನನ್ನದಲ್ಲ ಎಂದು ಊರೇ ಹೇಳಿದ ಮೇಲೂ ನನ್ನ ಮನಸ್ಸು ಯಾಕೆ ಸುಮ್ಮನಾಗುವುದಿಲ್ಲ?” ಎಂದು ಶಿಷ್ಯ ಕೇಳಿದ.

ತಿಂಗಳ ಹಿಂದೆ ಮಠದ ಬಾವಿಯ ಹೂಳೆತ್ತಲು ದ್ಯಾವಣ್ಣ ಎಂಬ ಕೂಲಿಯವನು ಇಳಿದಿದ್ದ. ಅವನು ಹಿಡಿದು ಇಳಿದ ಹಗ್ಗವನ್ನು ಮೇಲೆ ಕಂಬಕ್ಕೆ ಕಟ್ಟಿದವನು ಈ ಶಿಷ್ಯ. ಅರ್ಧ ಇಳಿಯುವಷ್ಟರಲ್ಲಿ ದ್ಯಾವಣ್ಣ ಬಿದ್ದು ಸತ್ತ. ಹಗ್ಗ ಸವೆದಿತ್ತು, ಹರಿಯಿತು ಎಂದು ಶಿಷ್ಯ ಹೇಳಿದ. ಜನ ಅದರ ತುದಿಯನ್ನು ನೋಡಿ ಹೌದೆಂದರು. ಆ ಹಗ್ಗದ ತುಂಡನ್ನು ಶಿಷ್ಯ ಈಗಲೂ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ.

“ಮನಸ್ಸಿನ ಸಂಗತಿ ಹಾಗಿರಲಿ. ಒಂದು ಕೋವಿಯ ಕತೆ ಹೇಳುತ್ತೇನೆ, ನಡುವೆ ಬಾಯಿ ಹಾಕಬೇಡ” ಎಂದು ಗುರುಗಳು ಶುರುಮಾಡಿದರು.

ಬೆಟ್ಟದ ಸೀಮೆಯಲ್ಲಿ ಕೋವಿ ರಿಪೇರಿ ಮಾಡುವ ಒಬ್ಬ ಕಮ್ಮಾರನಿದ್ದ. ಅವನ ಬಳಿಗೆ ಒಬ್ಬ ರೈತ ತನ್ನ ತಂದೆಯ ಕಾಲದ ಕೋವಿಯನ್ನು ತಂದ. ಅದರ ಚೋಕ್ ಸಡಿಲವಾಗಿತ್ತು. ಚೋಕ್ ಎಂದರೆ ನಳಿಗೆಯ ಬಾಯೊಳಗೆ ತಿರುಪಿ ಕೂರಿಸುವ ಒಂದು ಗಿಡ್ಡ ಕೊಳವೆ. ಸಿಡಿದ ಸೀಸದ ಚರೆಗಳು ದಿಕ್ಕಾಪಾಲಾಗದಂತೆ ಒಟ್ಟಿಗೆ ಹಿಡಿದು ಕಳಿಸುವುದು ಅದರ ಕೆಲಸ. ಇದಕ್ಕಿಂತ ಹೆಚ್ಚು ತಿಳಿದು ನೀನೇನೂ ಬೇಟೆಗೆ ಹೋಗಬೇಕಾಗಿಲ್ಲ.

ವರ್ಷದ ಹಿಂದೆ ಹಂದಿ ಬೇಟೆಯಲ್ಲಿ ಆ ಕೋವಿಯಿಂದ ರೈತನ ಭಾವಮೈದುನ, ಅಂದರೆ ಹೆಂಡತಿಯ ಅಣ್ಣ, ಸತ್ತಿದ್ದ. ಹಂದಿಗೆ ಗುರಿಯಿಟ್ಟೆ, ಚೋಕ್ ಸಡಿಲವಿದ್ದುದರಿಂದ ಚರೆ ಎಡಕ್ಕೆ ಸಿಡಿಯಿತು, ಎಡಗಡೆ ಅವನು ನಿಂತಿದ್ದ ಎಂದು ರೈತ ಹೇಳಿದ್ದ. ಹಿರಿಯರು ಚೋಕನ್ನು ಅಲ್ಲಾಡಿಸಿ ನೋಡಿ ಒಪ್ಪಿದ್ದರು. ಅಂದಿನಿಂದ ಕೋವಿ ಹಾರಿರಲಿಲ್ಲ. ಈಗ ಅವನ ಹೆಂಡತಿಗೆ ದಿನ ತುಂಬಿತ್ತು. ಮಗು ಹುಟ್ಟಿದರೆ ಅಂಗಳದಲ್ಲಿ ನಿಂತು ಮನೆಯ ಕೋವಿಯನ್ನು ಆಕಾಶಕ್ಕೆ ಹಾರಿಸುವುದು ಆ ಸೀಮೆಯ ಪದ್ಧತಿ. ಸಡಿಲ ಚೋಕಿನಲ್ಲಿ ಹಾರಿಸಿದರೆ ನಳಿಗೆಯೇ ಸೀಳಬಹುದು.

ಕಮ್ಮಾರ ಚೋಕನ್ನು ಬಿಚ್ಚಿ ತುಕ್ಕು ಕೆರೆದು, ಮತ್ತೆ ತಿರುಪಿ ಕೂರಿಸಿದ. ನಳಿಗೆಯಿಂದ ಚೋಕಿನ ಅಂಚಿನವರೆಗೆ ಸೂಜಿಮೊನೆಯಲ್ಲಿ ಒಂದು ಗೆರೆ ಗೀಚಿದ. ಚೋಕ್ ಕದಲಿದರೆ ಗೆರೆ ತುಂಡಾಗಿ ಕಾಣಬೇಕು.

ಎಂಟು ದಿನದಲ್ಲಿ ರೈತ ಮರಳಿ ಬಂದ. ಗೆರೆ ತುಂಡಾಗಿತ್ತು. ಕಮ್ಮಾರ ತಾಮ್ರದ ತೆಳು ತಗಡು ಸುತ್ತಿ ಇನ್ನೂ ಬಿಗಿಯಾಗಿ ಕೂರಿಸಿಕೊಟ್ಟ. ನಾಲ್ಕೇ ದಿನಕ್ಕೆ ರೈತ ಮತ್ತೆ ಬಾಗಿಲಲ್ಲಿ ನಿಂತಿದ್ದ.

“ಕೋವಿಯನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೀನಿ. ಬೀಗದಕೈ ನನ್ನ ಉಡಿದಾರದಲ್ಲೇ ಇದೆ. ಆದರೂ ಸಡಿಲ ಆಗ್ತದೆ. ಕೋಣೆಯಿಂದ ಕಿರ್ ಕಿರ್ ಅಂತ ಸದ್ದು ಬರ್ತದಂತೆ. ಹಾಡುಹಗಲಲ್ಲೇ. ನನ್ನವಳು ಕೇಳಿಸಿಕೊಂಡು, ಅಣ್ಣ ಬಂದ ಅಂತಾಳೆ. ನೀನೇ ಏನಾದರೂ ಮಾಡಬೇಕು, ಮಾರಾಯ.”

ಕಮ್ಮಾರ ಮೂರನೆಯ ಸಲ ಚೋಕನ್ನು ಕೂರಿಸಿದ, ಹೊಸ ಗೆರೆ ಗೀಚಿದ. ಖಾಲಿ ಕೋವಿಯನ್ನು ರೈತನ ಕೈಗೆ ಕೊಟ್ಟು, ಅಂದು ಆದದ್ದನ್ನೆಲ್ಲ ಮೊದಲಿಂದ ಹೇಳು ಎಂದ.

ರೈತ ಕೋವಿಯ ಹಿಡಿಯನ್ನು ನೆಲಕ್ಕೂರಿ, ನಳಿಗೆಯ ಬಾಯಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತು ಹೇಳತೊಡಗಿದ. ಕಾಡು ಹೊಕ್ಕಿದ್ದು, ನಾಯಿಗಳು ಬೊಗಳಿದ್ದು, ಪೊದೆ ಅಲ್ಲಾಡಿದ್ದು. ಪೊದೆಯ ಮಾತು ಬಂದಾಗ ಅಂಗಡಿಯೊಳಗೆ ಕಿರ್ ಎಂದು ಸದ್ದಾಯಿತು. ಅಲ್ಲಿ ಇದ್ದವರು ಇಬ್ಬರೇ.

ರೈತ ಮಾತು ನಿಲ್ಲಿಸಿ ಬಾಗಿಲ ಕಡೆ ನೋಡಿದ. ಅಲ್ಲಿ ಯಾರೂ ಇರಲಿಲ್ಲ. ಸದ್ದು ಮಾತ್ರ ನಿಲ್ಲಲಿಲ್ಲ.

ಕಮ್ಮಾರ ಬಾಗಿಲನ್ನು ನೋಡಲಿಲ್ಲ, ಗೆರೆಯನ್ನು ನೋಡುತ್ತಿದ್ದ. ರೈತನ ಹೆಬ್ಬೆರಳು ಚೋಕಿನ ಅಂಚಿನ ಮೇಲಿತ್ತು. ಅದು ಒತ್ತಿ ತಿರುಗಿಸುತ್ತಿತ್ತು, ಬಿಡುತ್ತಿತ್ತು, ಮತ್ತೆ ಒತ್ತಿ ತಿರುಗಿಸುತ್ತಿತ್ತು. ಬೆರಳಿನ ಯಜಮಾನನಿಗೆ ಅದರ ಅರಿವೇ ಇರಲಿಲ್ಲ. ಬೀಗದಕೈ ಅವನ ಉಡಿದಾರದಲ್ಲೇ ಇತ್ತಲ್ಲ, ಮನೆಯಲ್ಲೂ ಬೀರು ತೆಗೆದು ಕೂರುತ್ತಿದ್ದವನು ಅವನೇ.

ಕಮ್ಮಾರ ನಿಧಾನವಾಗಿ ಹೇಳಿದ: “ಸಡಿಲ ಇದ್ದಾಗ ಹಾರಿಸಿದ್ದರೆ ಚರೆ ಈ ಚೋಕಿನ ಹಿಂದಿನ ಅಂಚಿಗೆ ಬಡಿದು ಗಾಯ ಮಾಡಬೇಕಿತ್ತು. ಮೊದಲ ದಿನ ಬಿಚ್ಚಿದಾಗಲೇ ನೋಡಿದೆ, ಅಂಚು ನುಣ್ಣಗಿದೆ. ಆ ದಿನ ನಿನ್ನ ಕೋವಿ ಬಿಗಿಯಾಗೇ ಇತ್ತಪ್ಪ. ನೀನು ಹಿಡಿದ ಕಡೆಗೇ ಹೊಡೀತು.”

ರೈತ ತಲೆ ತಗ್ಗಿಸಿದ. ಹೆಬ್ಬೆರಳು ಇನ್ನೂ ತಿರುಗಿಸುತ್ತಲೇ ಇತ್ತು. ಅದನ್ನು ಕಂಡು ಅವನು ಬೆಂಕಿ ಮುಟ್ಟಿದವನ ಹಾಗೆ ಕೈ ಎಳೆದುಕೊಂಡ.

“ಪೊದೆಯೊಳಗೆ ಬಿಳಿ ಬಟ್ಟೆ ಕಂಡಿತ್ತು,” ಎಂದ. “ಕಂಡ ಮೇಲೇ ಹಾರಿಸಿದೆ. ಹಂದಿ ತಪ್ಪಿಸಿಕೊಳ್ತದೆ ಅಂತ ಆತುರ. ಬೇರೆಯವರು ಓಡಿ ಬರೋದರೊಳಗೆ ಇಕ್ಕಳ ಹಾಕಿ ಇದನ್ನ ಸಡಿಲ ಮಾಡಿದೆ.”

ಅವನು ಕೋವಿಯನ್ನು ಅಲ್ಲೇ ಬಿಟ್ಟು ಹೋದ. ಮೂರನೆಯ ದಿನ ಅವನಿಗೆ ಮಗು ಹುಟ್ಟಿತು. ನೆರೆಯವರು ಕೋವಿಯ ಸದ್ದಿಗಾಗಿ ಅಂಗಳಗಳಲ್ಲಿ ಕಾದು ನಿಂತಿದ್ದರು. ಕೋವಿ ಹಾರಲಿಲ್ಲ. ಅವರಿಗೆ ಕೇಳಿಸಿದ್ದು ಒಬ್ಬ ಗಂಡಸು ಹೆಂಡತಿಯ ಹೆಸರು ಹಿಡಿದು ಕರೆದು, ಬೇಟೆಯ ದಿನದ ನಿಜ ಹೇಳುತ್ತ ಅಳುವ ಸದ್ದು. ಕಮ್ಮಾರನ ಗೋಡೆಯಲ್ಲಿ ಕೋವಿ ಬಹಳ ವರ್ಷ ತೂಗಿತು. ಗೆರೆ ಮತ್ತೆ ಕದಲಲಿಲ್ಲ.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು. ಶಿಷ್ಯನ ಮುಂದಿನ ನೆಲದ ಮೇಲೆ ತೆಂಗಿನ ನಾರು ಒಂದು ಹಿಡಿಯಷ್ಟು ಬಿದ್ದಿತ್ತು. ತೊಡೆಯ ಮೇಲಿನ ತುಂಡಿನಿಂದ ಅವನ ಬೆರಳುಗಳು ಇನ್ನೊಂದು ಎಳೆಯನ್ನು ಬಿಡಿಸುತ್ತಿದ್ದವು.

ಗುರುಗಳು ಕೇಳಿದರು: “ದ್ಯಾವಣ್ಣ ಬಿದ್ದ ದಿನ ಆ ಹಗ್ಗ ಎಷ್ಟು ದಪ್ಪ ಇತ್ತು, ಮಗೂ? ಕಂಬಕ್ಕೆ ನೀನು ಹಾಕಿದ ಗಂಟು ಎಷ್ಟು ಬಿಗಿ ಇತ್ತು?”